ಷರತ್ತು ಬರೆಸ್ರೀ, ಸ್ವಾಮಿ!

ನಮಸ್ಕಾರ, ಮಂಡ್ಯದಿಂದ. ಹೋದ ವಿಡಿಯೋ ಕೆಳಗೆ ಒಬ್ಬರ ಕಾಮೆಂಟು: ‘ಹೆತ್ತ ಮಗನ ಹತ್ರ ಏನ್ರೀ ಕಂಡೀಷನ್ನು?’ ಅಲ್ಲಾ ಸ್ವಾಮಿ, ಎತ್ತು ಕೊಳ್ಳೋವಾಗ ಬಾಯಿ ಬಿಡಿಸಿ ಹಲ್ಲು ನೋಡ್ತೀರಿ. ನಾಲೆ ಬಯಲಿನ ಗದ್ದೆ ಬರೆದುಕೊಡೋವಾಗ ಮಾತ್ರ ಕಣ್ಮುಚ್ಚಿ ಹೆಬ್ಬೆಟ್ಟಾ?

ಮಕ್ಕಳಿಗೆ ಆಸ್ತಿ ಕೊಡೋ ದಾನಪತ್ರದಲ್ಲಿ ‘ನಮ್ಮನ್ನ ನೋಡ್ಕೋಬೇಕು’ ಅನ್ನೋ ಷರತ್ತು ಬರೆಸಿ. ಇವತ್ತು ಇದೊಂದೇ ಮಾತು.

ಸಬ್‌ರಿಜಿಸ್ಟ್ರಾರ್ ಆಫೀಸ್ ಮುಂದೆ ಸಿಗೋ ರೆಡಿ ಕರಡು ಓದಿದ್ದೀರಾ? ‘ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ, ಇನ್ನು ಮುಂದೆ ನನಗೆ ಯಾವುದೇ ಹಕ್ಕು ಇರುವುದಿಲ್ಲ.’ ಇದರಲ್ಲಿ ಅನ್ನದ ಮಾತು ಎಲ್ಲೈತೆ? 2007ರ ಹಿರಿಯ ನಾಗರಿಕರ ಕಾಯ್ದೆ, 23ನೇ ಸೆಕ್ಷನ್ನು: 60 ದಾಟಿದೋರು ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದೋನು ಕೈಬಿಟ್ರೆ, ಅದು ಮೋಸದಿಂದ ಬರೆಸ್ಕೊಂಡ ಲೆಕ್ಕ. ಕೊಟ್ಟೋರು ಕೇಳಿದ್ರೆ ಪತ್ರ ರದ್ದಾಗುತ್ತೆ. ಷರತ್ತೇ ಇಲ್ದಿದ್ರೆ? 2022ರಲ್ಲಿ ಸುಪ್ರೀಂ ಕೋರ್ಟಲ್ಲಿ ಒಬ್ಬ ತಾಯಿ ಸೋತಿದ್ದು ಅಲ್ಲೇ; ಹೆಣ್ಮಕ್ಕಳಿಗೆ ಮಾಡಿಕೊಟ್ಟ ಹಕ್ಕುಬಿಡುಗಡೆ ಪತ್ರದಲ್ಲಿ ಅಂಥ ಸಾಲೇ ಇರಲಿಲ್ಲ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಇನ್ನೊಬ್ಬ ತಾಯಿ ಗೆದ್ರು. ಅಲ್ಲಿ ಕೊನೇ ತನಕ ನೋಡ್ಕೋತೀನಿ ಅಂತ ಮಗ ಬರೆದುಕೊಟ್ಟ ವಚನಪತ್ರ ಇತ್ತು.

ಬರೀ ‘ನೋಡ್ಕೋಬೇಕು’ ಅಂತಲೂ ಬರೆಸ್ಬೇಡಿ. ಕೆಳಗಿನ ರೂಮು ಬಾತ್‌ರೂಮ್ ಸಮೇತ ಬದುಕಿರೋ ತನಕ ನಮ್ದು, ಊಟ, ಬಟ್ಟೆ, ಆಸ್ಪತ್ರೆ ಖರ್ಚು ಅವನ್ದು, ತಪ್ಪಿದ್ರೆ ದಾನ ರದ್ದು. ಹಿಂಗೆ ಬಿಡಿಸಿ ಬಿಡಿಸಿ ಬರೆಸಿ. ‘ಉಯಿಲೇ ವಾಸಿ’ ಅಂತೀರಾ? ವಾಸಿನೇ, ಬದುಕಿರೋ ತನಕ ಬದಲಾಯಿಸ್ಬೋದು. ಆದ್ರೆ ನಿಮ್ಮ ಮಗರಾಯನಿಗೆ ಸಾಲ ತೆಗೆಯೋಕೆ ಪಹಣಿ ಅವನ ಹೆಸರಿಗೆ ಈಗ್ಲೇ ಬೇಕಲ್ಲ! (ಸಬ್‌ಸ್ಕ್ರೈಬ್ ಆಗ್ರಪ್ಪಾ, ಅದಕ್ಕೆ ಸ್ಟಾಂಪ್ ಡ್ಯೂಟಿ ಇಲ್ಲ.)

ಎಡವಟ್ಟಾದ್ರೆ ಹೋಗ್ಬೇಕಾದ್ದು ಎಸಿ ಆಫೀಸಿಗೆ, ಉಪವಿಭಾಗಾಧಿಕಾರಿ ಹತ್ರ, ನ್ಯಾಯಮಂಡಳಿ ಅವರೇ. ನಮ್ಮ ಕಡೆ ಈ ಆಫೀಸು ಇರೋದು ಮಂಡ್ಯ, ಪಾಂಡವಪುರ, ಅತ್ಲಾಗೆ ಮೈಸೂರು, ಹುಣಸೂರಲ್ಲಿ. ಪತ್ರದ ಸರ್ಟಿಫೈಡ್ ಕಾಪಿ, ವಯಸ್ಸಿನ ದಾಖಲೆ, ಆಸ್ಪತ್ರೆ ಬಿಲ್ಲು ತಗೊಂಡ್ಹೋಗಿ. ಜೀವನಾಂಶನೂ ಅಲ್ಲೇ ಕೇಳ್ಬೋದು, ತಿಂಗಳಿಗೆ 10,000 ರೂಪಾಯಿ ತನಕ. ಆದೇಶ ಸರಿಯಿಲ್ಲ ಅನ್ನಿಸಿದ್ರೆ 60 ದಿನದೊಳಗೆ ಡಿಸಿಗೆ ಮೇಲ್ಮನವಿ.

‘ಊರೋರು ಏನಂತಾರೆ?’ ಊರೋರು ನಿಮಗೆ ಬಿಪಿ ಮಾತ್ರೆ ತಂದ್ಕೊಡ್ತಾರಾ? ‘ನಮ್ಮುಡುಗ ಹಂಗಲ್ಲ ಕಣ್ರೀ.’ ಹಂಗಲ್ದಿದ್ರೆ ಸೈನ್ ಹಾಕೋಕೇನು ಕಷ್ಟ ಅವನಿಗೆ? ಷರತ್ತು! ಷರತ್ತು ಬರೆಸ್ರೀ! ಆ ಕಾಮೆಂಟು ಪಿನ್ ಮಾಡಿದ್ದೀನಿ, ಹೋಗಿ ನೋಡಿ. ಬಯ್ಬೇಡಿ, ಪಾಪ.