ಮೊಳೆ ಹೊಡೆಯದೆ ಮನೆ ಸಿಂಗಾರ: ಬಾಡಿಗೆ ಫ್ಲ್ಯಾಟಿಗೆ ಕಡಿಮೆ ಖರ್ಚಿನ ಕೆಲಸಗಳು

ನಮಸ್ಕಾರ. ಬೆಂಗಳೂರಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಓನರ್ ಕಣ್ಣು ಮೊದಲು ಹೋಗೋದು ಗೋಡೆ ಮೇಲೆ. ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆಯನ್ನ ಪೇಂಟಿಂಗ್‌ಗೆ ಅಂತ ಹಿಡ್ಕೊಳ್ಳೋದು ಇಲ್ಲಿ ವಾಡಿಕೆ. ಅದರ ಮೇಲೆ ಮೊಳೆ ತೂತು, ಕಿತ್ತು ಬಂದ ಬಣ್ಣ, ಒಡೆದ ಟೈಲ್ಸ್ ಅಂತ ಇನ್ನಷ್ಟು ದುಡ್ಡು ಕೈ ಬಿಡಬಾರದು ಅಂದ್ರೆ, ಸಾಮಾನು ತರೋಕೆ ಮುಂಚೆನೇ ಯೋಚನೆ ಮಾಡ್ಬೇಕು. ಮುಂದಿನ ಮನೆಗೆ ಟೆಂಪೋದಲ್ಲಿ ಬರೋ ವಸ್ತುವಿಗೆ ದುಡ್ಡು ಹಾಕಿ. ಗೋಡೆಗೆ ಅಂಟಿ ಅಲ್ಲೇ ಉಳಿಯೋದಕ್ಕೆ ಆದಷ್ಟು ಕಡಿಮೆ.

ಗೋಡೆಯಿಂದಲೇ ಶುರು ಮಾಡೋಣ. ಕೈ ಒರೆಸ್ಕೊಂಡು ಅಂಗೈಯನ್ನ ಗೋಡೆ ಮೇಲೆ ಜೋರಾಗಿ ಉಜ್ಜಿ. ಬಿಳಿ ಪುಡಿ ಮೆತ್ತಿಕೊಳ್ತಾ? ಇದು ಡಿಸ್ಟೆಂಪರ್ ಅನ್ನೋ ಅಗ್ಗದ ಬಣ್ಣ, ಇಲ್ಲಾಂದ್ರೆ ಸುಣ್ಣ. ಪುಡಿ ಬರದೆ, ಒದ್ದೆ ಬಟ್ಟೆಯಲ್ಲಿ ಒರೆಸಿದ್ರೂ ಬಣ್ಣ ಬಿಡದಿದ್ರೆ ಎಮಲ್ಷನ್ ಪೇಂಟ್. ಇನ್ನೂ ಅನುಮಾನ ಇದ್ರೆ ಬಾಗಿಲ ಹಿಂದೆ, ಕಾಣದ ಜಾಗದಲ್ಲಿ 2 ಇಂಚು ಸೆಲ್ಲೋ ಟೇಪ್ ಒತ್ತಿ ಅಂಟಿಸಿ, ಮರುದಿನ ಕೀಳಿ. ಟೇಪಿನ ಜೊತೆ ಬಣ್ಣದ ಸಿಪ್ಪೆ ಎದ್ದು ಬಂತು ಅಂದ್ರೆ ಆ ಗೋಡೆಗೆ ಅಂಟಿನ ಹುಕ್ ಬೇಡವೇ ಬೇಡ. ಅಂಟು ಎಷ್ಟೇ ಗಟ್ಟಿ ಇರಲಿ, ಅದು ಹಿಡ್ಕೊಳ್ಳೋದು ಬಣ್ಣವನ್ನ, ಗೋಡೆಯನ್ನಲ್ಲ. ಬಾಡಿಗೆದಾರರು ಬದಲಾಗುವಾಗ ಹಳೇ ಧೂಳಿನ ಮೇಲೇ ಒಂದು ಕೋಟ್ ಎಳೆದುಬಿಡೋದು ಎಲ್ಲ ಕಡೆ ನಡೆಯತ್ತೆ. ಆ ಕೋಟು ಕೆಳಗಿನ ಪುಟ್ಟಿಯನ್ನ (ಗೋಡೆ ನುಣುಪು ಮಾಡೋ ಬಿಳಿ ಲೇಪ) ಸರಿಯಾಗಿ ಹಿಡಿದಿರೋದೇ ಇಲ್ಲ.

ಗೋಡೆ ಎಮಲ್ಷನ್ ಆಗಿದ್ರೆ, ಎಳೆದು ತೆಗೆಯೋ ಅಂಟುಪಟ್ಟಿಯ ಹುಕ್‌ಗಳು ಚೆನ್ನಾಗೇ ನಿಲ್ಲುತ್ತವೆ. ಹೊಸ ಪೇಂಟ್ ಆಗಿದ್ರೆ ಒಂದು ವಾರ ಕಾಯಿರಿ. ಅಂಟಿಸೋ ಜಾಗವನ್ನ ಮೆಡಿಕಲ್ ಶಾಪ್‌ನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ. ಹ್ಯಾಂಡ್ ಸ್ಯಾನಿಟೈಸರ್ ಬೇಡ, ಅದರಲ್ಲಿರೋ ಗ್ಲಿಸರಿನ್ ಜಿಡ್ಡು ಗೋಡೆ ಮೇಲೆ ಉಳಿಯತ್ತೆ. 30 ಸೆಕೆಂಡ್ ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಆಮೇಲೆ ಭಾರ ಹಾಕಿ. ಈ ಒಂದು ಗಂಟೆ ಕಾಯದೇ ಇರೋದ್ರಿಂದಲೇ ಎಷ್ಟೋ ಫೋಟೋ ಫ್ರೇಮ್‌ಗಳು ರಾತ್ರಿ ದಬ್ ಅಂತ ಬೀಳೋದು. ಪ್ಯಾಕೆಟ್ ಮೇಲೆ 1 ಕೆ.ಜಿ. ಅಂತ ಬರೆದಿದ್ರೆ ಅರ್ಧ ಕೆ.ಜಿ. ಅಂತಲೇ ಲೆಕ್ಕ ಹಾಕಿ; ಮಳೆಗಾಲದ ತೇವದಲ್ಲಿ ಹಿಡಿತ ಸಡಿಲ ಆಗತ್ತೆ.

ತೆಗೆಯೋದೇ ನಾಜೂಕಿನ ಕೆಲಸ. ಪಟ್ಟಿಯ ಬಾಲವನ್ನ ಗೋಡೆಗೆ ತಾಗಿದ ಹಾಗೇ ನೇರ ಕೆಳಕ್ಕೆ, ನಿಧಾನಕ್ಕೆ ಎಳೀರಿ. ಅದು ರಬ್ಬರ್ ಹಾಗೆ ಉದ್ದ ಆಗ್ತಾ ಆಗ್ತಾ ತಾನೇ ಬಿಡತ್ತೆ. ನಿಮ್ಮ ಕಡೆಗೆ ಎಳೆದ್ರೆ ಬಣ್ಣ, ಪುಟ್ಟಿ ಎರಡೂ ಕಿತ್ತು ಬರತ್ತೆ. ಬಾಲ ತುಂಡಾಯ್ತಾ? ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿ, ಗಟ್ಟಿ ದಾರವನ್ನ ಹಿಂದೆ ತೂರಿಸಿ ಗರಗಸದ ಹಾಗೆ ಆಡಿಸಿ.

ಡಿಸ್ಟೆಂಪರ್ ಗೋಡೆ ಇರೋರು ಏನು ಮಾಡೋದು? ಹಳೇ ಬಾಡಿಗೆದಾರರು ಹೊಡೆದ ಮೊಳೆಗಳನ್ನ ಎಣಿಸಿ, ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ, ಅವನ್ನೇ ಬಳಸ್ಕೊಳ್ಳಿ. ದೊಡ್ಡ ಫ್ರೇಮನ್ನ ಶೋಕೇಸ್ ಮೇಲೆ ಒರಗಿಸಿಡಿ. ಬಾಗಿಲ ಚೌಕಟ್ಟು, ವಾರ್ಡ್‌ರೋಬಿನ ಪಕ್ಕ, ಟೈಲ್ಸ್ ಇವೆಲ್ಲದರ ಮೇಲೂ ಅಂಟು ನಿಲ್ಲತ್ತೆ.

ಓನರ್ ಒಪ್ಪಿದ್ರೆ ಮಾತ್ರ ಡ್ರಿಲ್ಲು. ಒಪ್ಪಿಗೆ ಮೆಸೇಜ್‌ನಲ್ಲಿ ಇರಲಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಯಾವತ್ತೂ ತೂತು ಹಾಕ್ಬೇಡಿ, ವೈರಿನ ಪೈಪು ಸಾಮಾನ್ಯವಾಗಿ ಅದೇ ಗೆರೆಯಲ್ಲಿ ಹೋಗಿರತ್ತೆ. ಬಾತ್‌ರೂಮಿಗೆ ಬೆನ್ನು ಕೊಟ್ಟ ಗೋಡೆಯಲ್ಲಿ ನೀರಿನ ಪೈಪು. 6 ಎಂಎಂ ಬಿಟ್, ಸ್ಕ್ರೂ ಕೂರಿಸೋ 6 ಎಂಎಂ ಪ್ಲಾಸ್ಟಿಕ್ ಪ್ಲಗ್ ಸಾಕು. ಕೆಂಪು ಪುಡಿ ಬಂದ್ರೆ ಇಟ್ಟಿಗೆ. ಬೂದು ಪುಡಿ ಬಂದು ಬಿಟ್ ತಟಕ್ಕನೆ ಒಳಗೆ ನುಗ್ಗಿದ್ರೆ ಅದು ಟೊಳ್ಳು ಬ್ಲಾಕ್, ಪ್ಲಗ್ ಒಳಗೇ ತಿರುಗ್ತಾ ಇರತ್ತೆ, ಭಾರದ ಶೆಲ್ಫ್ ಆಸೆ ಅಲ್ಲಿಗೇ ಬಿಡಿ. ತೂತು ಮುಚ್ಚುವಾಗ ಸ್ಕ್ರೂವನ್ನ ಅರ್ಧ ತಿರುಗಿಸಿ, ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಎಳೆದ್ರೆ ಪ್ಲಗ್ಗೂ ಬರತ್ತೆ. ವಾಲ್ ಪುಟ್ಟಿಯನ್ನ ಎರಡು ಸಲ ತುಂಬಿ, ಮೊದಲನೇದು ಒಣಗಿದ ಮೇಲೆ ಕುಗ್ಗಿ ಗುಳಿ ಬೀಳತ್ತೆ. ಕೊನೆಗೆ 220 ನಂಬರ್ ಎಮರಿ ಪೇಪರ್.

ಗೋಡೆ ವಿಷಯ ಇಷ್ಟು. ಆದ್ರೆ ದುಡ್ಡು ಹಾಕೋ ಸರದಿಯಲ್ಲಿ ಗೋಡೆಗೆ ಕೊನೇ ಜಾಗ. ಮೊದಲನೇದು ಬೆಳಕು. ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಇರೋದು 6500 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ) ಬಿಳಿ ಟ್ಯೂಬ್ ಲೈಟು. ತರಕಾರಿ ಹೆಚ್ಚೋಕೆ, ಮಕ್ಕಳು ಓದೋಕೆ ಅದು ಒಳ್ಳೇದೇ, ತೆಗೀಬೇಡಿ. ಸಂಜೆಗೆ ಅಂತ ಬೇರೆ ಒಂದು ದೀಪ ಇರಲಿ: 9 ವ್ಯಾಟ್ ಎಲ್‌ಇಡಿ, ಬಾಕ್ಸ್ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಇರೋದನ್ನೇ ಕೇಳಿ, ಅಂದ್ರೆ ಹಳದಿ ಬೆಳಕಿನದು. ನಮ್ಮ ಮನೆಗಳ ಹೋಲ್ಡರ್ ಪಿನ್ನಿನದು, ಬಿ22. ಟೇಬಲ್ ಲ್ಯಾಂಪುಗಳಲ್ಲಿ ಹೆಚ್ಚಾಗಿ ತಿರುಪಿನ ಇ27 ಇರತ್ತೆ. ನೋಡ್ದೆ ತಂದ್ರೆ ಬಲ್ಬು ಕೂರಲ್ಲ. ಹಾಲ್‌ನ ಮೂಲೆಯಲ್ಲಿ, ಕೂತಾಗ ಕಣ್ಣಿನ ಮಟ್ಟಕ್ಕೆ ಈ ದೀಪ ಇಟ್ಟು, ಮೇಲಿನ ಟ್ಯೂಬ್ ಆರಿಸಿ ನೋಡಿ. ಅದೇ ಮಾಸಲು ಗೋಡೆ, ಅದೇ ಪ್ಲಾಸ್ಟಿಕ್ ಕುರ್ಚಿ, ಆದ್ರೆ ಕೋಣೆ ಬೇರೆ. ಸ್ಟ್ರಿಪ್ ಲೈಟ್ ಹಾಕೋರು ಕತ್ತರಿ ಗುರುತು ಇರೋ ಕಡೆ ಮಾತ್ರ ಕತ್ತರಿಸಿ, ಗೋಡೆಗಲ್ಲ, ಮಂಚದ ಹಿಂಬದಿಯ ಮರಕ್ಕೆ ಅಂಟಿಸಿ.

ಎರಡನೇದು ಪರದೆ. ಸಿದ್ಧ ಪರದೆ ಅಂಗಡಿಯಲ್ಲಿ ಸಿಗೋದು 5, 7, 9 ಅಡಿ ಉದ್ದದಲ್ಲಿ: ಕಿಟಕಿಗೆ, ಬಾಗಿಲಿಗೆ, ಎತ್ತರದ ಬಾಗಿಲಿಗೆ. ಒಂದೊಂದರ ಅಗಲ ಸುಮಾರು 4 ಅಡಿ. 4 ಅಡಿ ಕಿಟಕಿಗೆ ಒಂದೇ ತಂದ್ರೆ ಬೆಡ್‌ಶೀಟ್ ನೇತುಹಾಕಿದ ಹಾಗೆ ಚಪ್ಪಟೆ ಕಾಣತ್ತೆ. ನೆರಿಗೆ ಬೀಳ್ಬೇಕು ಅಂದ್ರೆ ಎರಡು ಬೇಕು. ಉಂಗುರದ ಪರದೆಯಾದ್ರೆ ಉಂಗುರಗಳ ಸಂಖ್ಯೆ ಸಮ ಇರಲಿ, 8 ಅಥವಾ 10. ಆಗ ಎರಡೂ ತುದಿ ಗೋಡೆ ಕಡೆಗೇ ತಿರುಗುತ್ತವೆ. ರಾಡ್ ಹಾಕೋಕೆ ಬ್ರಾಕೆಟ್ ಇಲ್ವಾ? ಕಿಟಕಿ ಗೂಡಿನ ಒಳಗೆ ಎರಡು ಕಡೆ ಒತ್ತಿ ನಿಲ್ಲೋ ಸ್ಪ್ರಿಂಗ್ ರಾಡ್ ಇದೆ. ಕೊಳ್ಳುವಾಗ ಒಂದು ವಿಷಯ: ರಾಡ್ ಎಷ್ಟು ಹೆಚ್ಚು ಎಳೆದು ಉದ್ದ ಮಾಡ್ತೀರೋ ಅಷ್ಟು ಬಾಗತ್ತೆ. ಹಾಗಾಗಿ ನಿಮ್ಮ ಅಳತೆಗೆ ಸ್ವಲ್ಪವೇ ಎಳೆದ್ರೆ ಸಾಕಾಗೋ ಸೈಜ್ ತಗೊಳ್ಳಿ, ಹಗುರ ಬಟ್ಟೆ ಹಾಕಿ.

ಇನ್ನು ಖರ್ಚೇ ಇಲ್ಲದ ದಾರಿ, ಉಡದೆ ಬೀರುವಿನಲ್ಲಿ ಮಡಿಸಿಟ್ಟ ಹತ್ತಿ ಸೀರೆ. ಅಮ್ಮನ್ನೋ ಅತ್ತೆಯನ್ನೋ ಕೇಳಿ, ಆಮೇಲೆ ಕತ್ತರಿ ಹಿಡೀರಿ! ಬ್ಲೌಸ್ ಪೀಸ್ ಬಿಟ್ಟು ಸೀರೆ ಐದೂವರೆ ಮೀಟರ್, ಅಂದ್ರೆ 18 ಅಡಿ. ಅಗಲ ಹೆಚ್ಚುಕಡಿಮೆ 4 ಅಡಿ. 6 ಅಡಿಯ ಮೂರು ತುಂಡು ಮಾಡಿ. ರಾಡ್ ತೂರೋಕೆ ಮೇಲೆ 4 ಇಂಚು, ಕೆಳಗೆ 4 ಇಂಚು ಮಡಿಸಿ ಹೊಲಿದ್ರೆ 5 ಅಡಿ 4 ಇಂಚಿನ ಮೂರು ಕಿಟಕಿ ಪರದೆ. ಅಂಚು ಎರಡೂ ಪಕ್ಕ ನಿಂತ ಗೆರೆಯಾಗಿ ಬರತ್ತೆ, ಪಕ್ಕ ಮಡಿಸಿ ಹೊಲಿಯೋ ಕೆಲಸವೇ ಇಲ್ಲ. ಇಳಕಲ್ ಸೀರೆಯಾದ್ರೆ ಮೂರರಲ್ಲಿ ಒಂದು ತುಂಡಿಗೆ ಮಾತ್ರ ಕೆಂಪು ತೋಪು ತೆನೆಯ ಸೆರಗು ಸಿಗತ್ತೆ. ಅದನ್ನ ಸೆರಗು ಕೆಳಗೆ ಬರೋ ಹಾಗೆ ಒಂಟಿ ಕಿಟಕಿಗೆ ಹಾಕಿ, ಉಳಿದೆರಡು ಜೋಡಿ ಆಗ್ಲಿ. ಕತ್ತರಿಸೋ ಮೊದಲು ಒಮ್ಮೆ ನೀರಿಗೆ ಹಾಕಿ ಒಣಗಿಸಿ. ಹತ್ತಿ ಕುಗ್ಗೋದು ಹೊಲಿಗೆ ಆದ ಮೇಲೆ ಆಗ್ಬಾರ್ದು. ಪಶ್ಚಿಮದ ಕಿಟಕಿಗೆ ರೇಷ್ಮೆ ಬೇಡ, ಬಿಸಿಲಿಗೆ ಜೀರ್ಣ ಆಗತ್ತೆ.

ನೆಲಕ್ಕೆ ನವಲಗುಂದದ ಜಮಖಾನ, ಸೋಫಾ ಮೇಲೆ ಉತ್ತರ ಕರ್ನಾಟಕದ ಕೌದಿ. ಎರಡೂ ಮಡಚಿ ಒಯ್ಯೋವು. ನುಣುಪು ಟೈಲ್ಸ್ ಮೇಲೆ ಜಮಖಾನ ಜಾರತ್ತೆ, ಮನೆಯಲ್ಲಿ ವಯಸ್ಸಾದೋರಿದ್ರೆ ಕೆಳಗೆ ರಬ್ಬರ್ ಜಾಲರಿ ಹಾಕದೆ ಹಾಸ್ಬೇಡಿ.

ಅಡುಗೆಮನೆಗೆ ಎಲ್ಲರೂ ಸ್ಟಿಕ್ಕರ್ ಶೀಟ್ ತರ್ತಾರೆ. ಟೈಲ್ಸ್ ಮೇಲೆ ಸರಿ, ಸೋಪು ನೀರಲ್ಲಿ ಜಿಡ್ಡು ತೆಗೆದು ಒಂದು ದಿನ ಒಣಗಿಸಿ, ಮೇಲಿಂದ ಕೆಳಕ್ಕೆ ಹಳೇ ಎಟಿಎಂ ಕಾರ್ಡಿನಲ್ಲಿ ಸವರುತ್ತಾ ಅಂಟಿಸಿ. ಒಲೆಯ ಹಿಂದಿನ ಭಾಗ ಬಿಡಿ, ಶಾಖಕ್ಕೆ ಅಂಚು ಸುರುಳಿ ಸುತ್ತತ್ತೆ. ಗ್ರಾನೈಟ್ ಕಟ್ಟೆಗೆ ಅಂಟಿಸೋದು ಶುದ್ಧ ದಂಡ. ಸಿಂಕಿನ ಪಕ್ಕ ನೀರು ಒಳಗಿಳಿದು ಶೀಟಿನ ಅಡಿ ಜಿರಲೆ ಸಂಸಾರ ಹೂಡತ್ತೆ. ಕಿತ್ತ ಮೇಲೆ ಉಳಿಯೋ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ 10 ನಿಮಿಷ ಬಿಟ್ಟು ಒರೆಸಿ.

ಬೋರ್‌ವೆಲ್ ನೀರಿಗೆ ನಲ್ಲಿ ಮೇಲೆ ಕೂರೋ ಬಿಳಿ ಕಲೆ ಹೋದ್ರೆ ಅರ್ಧ ಮನೆ ಹೊಸದು. ಒಂದು ಲೋಟ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ, 15 ನಿಮಿಷ ಬಿಟ್ಟು ತೊಳೀರಿ. ಈ ನೀರು ಮಾರ್ಬಲ್, ಮೊಸಾಯಿಕ್ ನೆಲದ ಮೇಲೆ ಚೆಲ್ಲಬಾರದು, ಹೊಳಪು ತಿಂದುಬಿಡತ್ತೆ.

ಗಿಡಗಳಿಗೆ ಲಾಲ್‌ಬಾಗ್ ಹತ್ತಿರದ ಸಿದ್ಧಾಪುರದ ನರ್ಸರಿಗಳು, ಮಣ್ಣಿನ ಕುಂಡಕ್ಕೆ ಪಾಟರಿ ಟೌನ್. ಬಿಸಿಲು ಬರದ ಮನೆಗೆ ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಸಾಕು. ಮನಿ ಪ್ಲಾಂಟನ್ನ ಕೊಳ್ಳೋದೂ ಬೇಡ: ಪಕ್ಕದ ಮನೆಯ ಬಳ್ಳಿಯಲ್ಲಿ ಗಿಣ್ಣಿನ ಕೆಳಗೆ ಕತ್ತರಿಸಿ, ಗಿಣ್ಣು ನೀರಲ್ಲಿ ಮುಳುಗೋ ಹಾಗೆ ಬಾಟಲಿಗೆ ಹಾಕಿ. ಕುಂಡದ ಗಿಡಗಳು ಸಾಯೋದು ಬಹುಪಾಲು ಅತಿ ನೀರಿಗೆ. ಬೆರಳನ್ನ ಒಂದು ಇಂಚು ಮಣ್ಣಿಗೆ ಚುಚ್ಚಿ, ಒಣಗಿದ್ರೆ ಮಾತ್ರ ನೀರು. ಬಾಲ್ಕನಿ ಕುಂಡದ ಕೆಳಗೆ ತಟ್ಟೆ ಇಡಿ, ಇಲ್ಲಾಂದ್ರೆ ಕೆಳಗಿನ ಮನೆಯವರ ಒಣಗಿದ ಬಟ್ಟೆ ಮೇಲೆ ಕೆಸರು ನೀರು ಸುರಿದು ಜಗಳ ಗ್ಯಾರಂಟಿ. ಆ ತಟ್ಟೆಯಲ್ಲಿ ನಿಂತ ನೀರನ್ನ ವಾರಕ್ಕೊಮ್ಮೆಯಾದ್ರೂ ಚೆಲ್ಲಿ ತಟ್ಟೆ ಉಜ್ಜಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ನೀರಿನ ಅಂಚಲ್ಲೇ.