ಸೋಫಾಕ್ಕೆ ಎಂತ ಹಾಕಿದ್ರಿ? ಮೊದಲು ಅದು ಹೇಳಿ

ನಮಸ್ಕಾರ. ಮಂಗಳೂರಿನಲ್ಲಿ ಸೋಫಾ ಕ್ಲೀನ್ ಮಾಡುವುದು ನನ್ನ ಕೆಲಸ. ಸುರತ್ಕಲ್‌ನಿಂದ ತೊಕ್ಕೊಟ್ಟಿನವರೆಗೆ ಮೆಷಿನ್ ಹೊತ್ತುಕೊಂಡು ತಿರುಗುವವ ನಾನು. ಇವತ್ತು ಸ್ವಲ್ಪ ಕೋಪದಲ್ಲೇ ಮಾತಾಡ್ತೇನೆ, ಬೇಜಾರು ಮಾಡಬೇಡಿ.

ಮೊನ್ನೆ ಕಂಕನಾಡಿಯ ಒಂದು ಫ್ಲ್ಯಾಟಿಗೆ ಹೋಗಿದ್ದೆ. ಕೆನೆ ಬಣ್ಣದ ಸೋಫಾ, ನಡುವಿನ ಸೀಟಿನಲ್ಲಿ ಊಟದ ಬಟ್ಟಲಿನಷ್ಟು ಅಗಲಕ್ಕೆ ಕೆಂಪು. ಎಂತ ಬಿದ್ದದ್ದು ಅಂತ ಕೇಳಿದೆ. ಮಗು ತೊವ್ವೆ ಚೆಲ್ಲಿದ್ದು ಅಂದ್ರು ಅಮ್ಮ. ಅದರ ಮೇಲೆ ಎಂತ ಹಾಕಿದ್ರಿ? "ಎಂತದೂ ಇಲ್ಲ ಮಾರಾಯ್ರೆ, ಬರೀ ನೀರು."

ಬರೀ ನೀರಿಗೆ ತೊವ್ವೆ ಕೆಂಪಾಗುವುದಿಲ್ಲ. ಆರತಿ ತಟ್ಟೆಯ ಕೆಂಪು ನೀರು ಹೇಗೆ ಆಗುವುದು? ಅರಸಿನಕ್ಕೆ ಚಿಟಿಕೆ ಸುಣ್ಣ ಹಾಕಿ ತಾನೇ? ಅಡುಗೆ ಸೋಡಾ, ಬಟ್ಟೆ ಸೋಪಿನ ಪುಡಿ, ಇವೆಲ್ಲ ಸುಣ್ಣದ ಜಾತಿಯವೇ, ಕ್ಷಾರ. ಅರಸಿನಕ್ಕೆ ತಾಗಿದ ಕೂಡಲೇ ಬಣ್ಣ ತಿರುಗುತ್ತದೆ. ಅಂದ್ರೆ ಕಲೆಯೇ ನನ್ನ ಹತ್ರ ಚಾಡಿ ಹೇಳ್ತಾ ಉಂಟು. ಆಮೇಲೆ ಅಮ್ಮ ಒಪ್ಪಿಕೊಂಡ್ರು: ಮೊಬೈಲಿನಲ್ಲಿ ಒಂದು ರೀಲ್ ನೋಡಿದ್ದಂತೆ. ಮೊದಲು ಸೋಡಾ, ಅದರ ಮೇಲೆ ವಿನೆಗರ್, ನೊರೆ ಬುಸ್ ಅಂತ ಬಂತಂತೆ.

ಆ ನೊರೆಯೇ ಎಲ್ಲರನ್ನೂ ಮರುಳು ಮಾಡುವುದು. ಸೋಡಾ ಮತ್ತು ವಿನೆಗರ್ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದು ಹಾಕುತ್ತದೆ. ಗ್ಯಾಸ್ ಹೋಗುತ್ತದೆ, ಉಳಿಯುವುದು ಸ್ವಲ್ಪ ಉಪ್ಪಿನಂಥ ವಸ್ತು ಇರುವ ನೀರು. ಸೋಡಾ ಹೆಚ್ಚಾಗಿದ್ದರೆ ಅದೂ ಅಲ್ಲೇ ಉಂಟು. ಅದನ್ನೆಲ್ಲ ನಿಮ್ಮ ಸ್ಪಂಜು ಕುಡಿಯಿತು.

ನನ್ನ ತಕರಾರು ಇರುವುದೇ ಇಲ್ಲಿ. ಸೋಫಾ ಅಂಗಿ ಅಲ್ಲ. ಅಂಗಿಯನ್ನು ಬಕೆಟಿಗೆ ಹಾಕಿ ನಾಲ್ಕು ಸಲ ಜಾಲಿಸಬಹುದು. ಸೋಫಾವನ್ನು ಎಲ್ಲಿ ಜಾಲಿಸ್ತೀರಿ? ಮೇಲೆ ಹಾಕಿದ್ದೆಲ್ಲ ಒಳಗೇ ಕೂರುತ್ತದೆ. ಸೋಪಿನ ಅಂಟು ಒಳಗೆ ಉಳಿದರೆ ಧೂಳು ಹಿಡಿದು ಒಂದು ತಿಂಗಳಲ್ಲಿ ಅದೇ ಜಾಗ ಕಪ್ಪು. ಹೆಚ್ಚು ನೀರು ಹೊಯ್ದರೆ, ಒಣಗುವಾಗ ಅಡಿಯ ಕೊಳೆ ನೀರಿನ ಜೊತೆ ಮೇಲೆ ಏರುತ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಮತ್ತೆ ನನಗೆ ಫೋನ್: "ಹೋದ ಕಲೆ ವಾಪಸ್ ಬಂತು."

ಆ ಕೆಂಪಿಗೆ ನಾನು ಮಾಡಿದ್ದು ಇಷ್ಟೆ. ನೀರು ಬೆರೆಸಿದ ವಿನೆಗರ್ ತಾಗಿಸಿದೆ, ಕೆಂಪು ಹಳದಿಗೆ ಇಳಿಯಿತು. ಮೆಷಿನಿನಲ್ಲಿ ಆ ತೇವ ಎಳೆದೆ. ಅರಸಿನದ ಬಣ್ಣ ನೀರಿಗೆ ಕರಗುವುದಿಲ್ಲ, ಸ್ಪಿರಿಟಿಗೆ ಕರಗುತ್ತದೆ. ಹಾಗಾಗಿ ಕಿಟಕಿ ತೆರೆದಿಟ್ಟು, ಬಿಳಿ ಬಟ್ಟೆಗೆ ಸ್ಪಿರಿಟ್ ಹಾಕಿ ಒತ್ತಿ ತೆಗೆದೆ. ಒತ್ತುವುದು, ಉಜ್ಜುವುದಲ್ಲ, ಉಜ್ಜಿದರೆ ನೂಲು ಎದ್ದು ಆ ಜಾಗ ಜನ್ಮಕ್ಕೆ ಬೇರೆಯೇ ಕಾಣುತ್ತದೆ. ಕೊನೆಗೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಕಲೆಯ ಬಣ್ಣ ತೆಗೆಯುವ ದ್ರಾವಣ. ಪ್ರತಿಯೊಂದನ್ನೂ ಮೊದಲು ಸೋಫಾದ ಹಿಂದೆ, ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿಯೇ ಹಾಕಿದ್ದು, ಯಾಕಂದ್ರೆ ಇವು ಬಟ್ಟೆಯ ಸ್ವಂತ ಬಣ್ಣವನ್ನೂ ತಿನ್ನಬಹುದು. ಉಳಿದ ಮಸುಕು ಹಳದಿಗೆ ಬಿಸಿಲೇ ಮದ್ದು, ಅರಸಿನ ಬಿಸಿಲಿಗೆ ಮಾಸುತ್ತದೆ. ಕವರ್ ಬಿಚ್ಚಲಿಕ್ಕೆ ಬರುವುದಾದರೆ ಬಾಲ್ಕನಿಗೆ ಹಾಕಿ.

ಹಲಸಿನ ಮೇಣದ್ದೂ ಇದೇ ಕಥೆ. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಹಚ್ಚುವುದು ನಮಗೆ ಹುಟ್ಟಿನಿಂದ ಗೊತ್ತು. ಅದೇ ಬುದ್ಧಿ ಸೋಫಾದ ಮೇಲೆ ಓಡಿಸಿದರೆ ಮೇಣ ಬಿಡುತ್ತದೆ, ಎಣ್ಣೆ ಬಿಡುವುದಿಲ್ಲ. ಐಸ್ ತುಂಡನ್ನು ಪ್ಲಾಸ್ಟಿಕಿನಲ್ಲಿ ಸುತ್ತಿ ಅದರ ಮೇಲೆ ಇಡಿ, ಗಟ್ಟಿಯಾದ ಮೇಲೆ ಚಮಚದ ಹಿಂಬದಿಯಿಂದ ಕೆರೆಯಿರಿ. ಉಳಿದದ್ದು ನನಗೆ ಬಿಡಿ. ರಕ್ತ ಬಿದ್ದರೆ ತಣ್ಣೀರು ಮಾತ್ರ. ಮಗು ಉಚ್ಚೆ ಹೊಯ್ದಲ್ಲಿಗೆ ಬ್ಲೀಚ್ ಹಾಕಲೇಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ.

ನನ್ನ ಕಸುಬಿನವರಿಗೂ ಒಂದು ಮಾತು. ಜುಲೈಯಲ್ಲಿ, ತುಳುವಿನ ಆಟಿ ತಿಂಗಳ ಮಳೆಯಲ್ಲಿ, ಸೋಫಾ ಒದ್ದೆ ಮಾಡಿ "ಫ್ಯಾನ್ ಹಾಕಿ, ಸಂಜೆಗೆ ಒಣಗ್ತದೆ" ಅಂತ ದುಡ್ಡು ತಗೊಂಡು ಹೋಗುವವರಿದ್ದಾರೆ. ಎಲ್ಲಿಂದ ಒಣಗುವುದು? ನಮ್ಮಲ್ಲಿ ಆಗ ಒಗೆದ ಬನಿಯನ್ನೇ ಮೂರು ದಿನ ಹಗ್ಗದಲ್ಲಿ ಇರುತ್ತದೆ. ಸ್ಪಂಜಿನೊಳಗೆ ಬೂಷ್ಟು ಹಿಡಿದರೆ ಆ ವಾಸನೆಗೆ ಯಾವ ಸೆಂಟೂ ಸಾಲದು. ಮಳೆಗಾಲದಲ್ಲಿ ನಾನು ಕಲೆ ಬಿದ್ದ ಜಾಗ ಮಾತ್ರ ಮಾಡ್ತೇನೆ, ಪೂರ್ತಿ ವಾಶ್ ಅಕ್ಟೋಬರ್ ನಂತರ. ಗಿರಾಕಿ ಹೋಗ್ತಾರೆ, ಹೋಗಲಿ.

"ನೂರಕ್ಕೆ ನೂರು ಹೋಗ್ತದೆ" ಅಂತ ಬೋರ್ಡ್ ಹಾಕುವವರನ್ನೂ ನಾನು ನಂಬುವುದಿಲ್ಲ. ಕದ್ರಿಯ ಒಂದು ಮನೆಯಲ್ಲಿ ಅಜ್ಜಿಯ ಎಲೆ ಅಡಿಕೆಯ ಕಲೆ ಇತ್ತು. ಅಡಿಕೆಯ ಒಗರು, ಸುಣ್ಣ, ಎರಡೂ ಸೇರಿ ವರ್ಷಗಟ್ಟಲೆ ನೂಲಿಗೆ ಇಳಿದದ್ದು. ಅರ್ಧ ಹೋಗಬಹುದು, ಹೆಚ್ಚು ತಿಕ್ಕಿದರೆ ಬಟ್ಟೆಯೇ ಹೋದೀತು ಅಂದೆ. ಮಗನಿಗೆ ಸಿಟ್ಟು ಬಂತು. ಅಜ್ಜಿ ಮಾತ್ರ ಆ ಜಾಗದ ಮೇಲೆ ಒಂದು ಟವೆಲ್ ಹಾಕಿ, ಅದರ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚಲಿಕ್ಕೆ ಶುರು ಮಾಡಿದ್ರು. ನಾನು ಮೆಷಿನಿನ ಪೈಪ್ ಸುತ್ತಿಕೊಂಡೆ.