ಮೊದಲು ಒಂದು ಚೌಕ ಹೆಣೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಕೂತು ಒಂದು ಉಲ್ಲನ್ ಹೊದಿಕೆ ಹೆಣೆಯಬೇಕು ಎಂಬ ಆಸೆ ತುಂಬ ಜನರಿಗೆ ಇರುತ್ತದೆ. ಆದರೆ ಕೈ ಹಾಕುವವರು ಕಡಿಮೆ. ಯಾಕೆ ಎಂದು ಕೇಳಿದರೆ ಎರಡು ಉತ್ತರ ಬರುತ್ತದೆ. ನಮಗೆ ಅಷ್ಟೆಲ್ಲ ಬರುವುದಿಲ್ಲ ಅನ್ನುವುದು ಒಂದು. ಅಷ್ಟೊಂದು ಉಲ್ಲನ್ ಕೊಳ್ಳಲು ದುಡ್ಡೆಲ್ಲಿದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೆದರಬೇಕಾಗಿಲ್ಲ. ಸ್ವೆಟರಿಗೆ ತೋಳು ಇಳಿಸಬೇಕು, ಕತ್ತು ಬಿಡಬೇಕು, ಮೈಯಳತೆ ಕೂರಬೇಕು. ಹೊದಿಕೆಗೆ ಇದ್ಯಾವುದೂ ಇಲ್ಲ. ನಿಟ್ ಅನ್ನುವ ಒಂದೇ ಹೆಣಿಗೆ ಬಂದರೆ ಸಾಕು. ದುಡ್ಡಿನ ಮಾತು ಮಾತ್ರ ನಿಜವಾದದ್ದು. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಡೀ ಹೊದಿಕೆಗೆ ಬೇಕಾದ ಉಲ್ಲನ್ನನ್ನು ಮೊದಲೇ ತಂದಿಡಬೇಡಿ. ನೂರು ಗ್ರಾಮಿನ ಒಂದೇ ಉಂಡೆ ತನ್ನಿ. ಎಂಟು ಇಂಚಿನ ಒಂದು ಚೌಕ ಹೆಣೆಯಿರಿ. ಅದನ್ನು ತೂಗಿ. ಹೊದಿಕೆಗೆ ಎಷ್ಟು ಖರ್ಚಾಗುತ್ತದೆ ಎಂದು ಆ ಚೌಕವೇ ಹೇಳಿಬಿಡುತ್ತದೆ.

ಲೆಕ್ಕ ಹೀಗೆ. ನಿಮ್ಮ ಚೌಕ 20 ಗ್ರಾಂ ತೂಗಿತು ಅಂದುಕೊಳ್ಳಿ. ಅಗಲಕ್ಕೆ ಐದು, ಉದ್ದಕ್ಕೆ ಏಳು ಇಟ್ಟರೆ 35 ಚೌಕ. ನಲವತ್ತು ಇಂಚು ಅಗಲ, ಐವತ್ತಾರು ಇಂಚು ಉದ್ದ. ಮಕ್ಕಳಿಗೆ ಹೊದಿಸಲು, ವಯಸ್ಸಾದವರು ಕುರ್ಚಿಯಲ್ಲಿ ಕೂತಾಗ ಕಾಲ ಮೇಲೆ ಹಾಕಿಕೊಳ್ಳಲು ಇದು ಸಾಕು. ತೂಕ 700 ಗ್ರಾಂ. ದೊಡ್ಡವರು ಪೂರ್ತಿ ಹೊದ್ದುಕೊಳ್ಳಬೇಕು ಎಂದರೆ ಅಗಲಕ್ಕೆ ಆರು, ಉದ್ದಕ್ಕೆ ಒಂಬತ್ತು, ಒಟ್ಟು 54 ಚೌಕ. ಒಂದು ಕಿಲೋ 80 ಗ್ರಾಂ ಆಗುತ್ತದೆ. ಜೋಡಿಸಲು, ಅಂಚು ಕಟ್ಟಲು ಇನ್ನೊಂದು ಉಂಡೆ ಸೇರಿಸಿಕೊಳ್ಳಿ. ಇಷ್ಟು ಗೊತ್ತಾದ ಮೇಲೆ ನಿಮ್ಮ ಊರಿನ ಅಂಗಡಿಯ ಬೆಲೆಯಿಂದ ಗುಣಿಸಿ. ಮನೆಯಲ್ಲಿ ತೂಕದ ಯಂತ್ರ ಇಲ್ಲವೇ? ದಿನಸಿ ಅಂಗಡಿಯವರ ಹತ್ತಿರ ಇರುತ್ತದೆ. ಅದೂ ಬೇಡವಾದರೆ, ಒಂದು ಉಂಡೆಗೆ ಎಷ್ಟು ಚೌಕ ಬಂತು ಎಂದು ಎಣಿಸಿದರೂ ಆಯಿತು.

ವಾರಕ್ಕೆ ಎರಡು ಚೌಕ ಮುಗಿಸಿದರೆ 54 ಚೌಕಕ್ಕೆ ಇಪ್ಪತ್ತೇಳು ವಾರ. ಯುಗಾದಿ ಹೊತ್ತಿಗೆ ಶುರು ಮಾಡಿದವರಿಗೆ ದೀಪಾವಳಿ ಹೊತ್ತಿಗೆ ಹೊದಿಕೆ ಸಿಗುತ್ತದೆ. ಅಷ್ಟರಲ್ಲಿ ಚಳಿಯೂ ಬರುತ್ತದೆ. ಖರ್ಚೂ ಹಾಗೆಯೇ ಹಂಚಿಹೋಗುತ್ತದೆ. ತಿಂಗಳಿಗೆ ಎರಡು ಉಂಡೆ ಕೊಂಡರೆ ಆಯಿತು.

ಹೀಗೆ ಬಿಡಿಬಿಡಿಯಾಗಿ ಕೊಂಡಾಗ ಒಂದು ತೊಂದರೆ ಇದೆ. ಒಂದೇ ಬಣ್ಣ, ಒಂದೇ ಕಂಪನಿ ಆದರೂ ಎರಡು ಸಲ ಬಣ್ಣ ಹಾಕಿದ ದಾರ ಪೂರ್ತಿ ಒಂದೇ ಥರ ಇರುವುದಿಲ್ಲ. ಅದಕ್ಕೇ ಲೇಬಲ್ ಮೇಲೆ ಬಣ್ಣದ ನಂಬರಿನ ಜೊತೆ ಲಾಟ್ ನಂಬರ್ ಅಂತ ಹಾಕಿರುತ್ತಾರೆ. ಇಡೀ ಹೊದಿಕೆಯನ್ನು ಒಂದೇ ಬಣ್ಣದಲ್ಲಿ ಹೆಣೆಯುವವರು ಎಲ್ಲ ಉಂಡೆಗಳನ್ನೂ ಒಟ್ಟಿಗೆ ಕೊಳ್ಳಬೇಕಾಗುವುದು ಇದರಿಂದಲೇ. ಚೌಕಗಳಲ್ಲಿ ಆ ಕಷ್ಟವಿಲ್ಲ. ಬೇರೆ ಬೇರೆ ಬಣ್ಣ ಇದ್ದಷ್ಟೂ ಚೆಂದ. ನಮ್ಮ ಉತ್ತರ ಕರ್ನಾಟಕದ ಹೆಂಗಸರು ಹಳೆ ಸೀರೆ, ಹಳೆ ಅಂಗಿಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವುದನ್ನು ನೋಡಿದ್ದೀರಿ ಅಲ್ವಾ? ಯಾವ ತುಂಡಿನ ಪಕ್ಕ ಯಾವುದು ಬರಬೇಕು ಎಂದು ಅವರು ಎಷ್ಟು ಹೊತ್ತು ನೋಡುತ್ತಾರೆ! ಬಣ್ಣ ಕೂಡಿಸುವುದನ್ನು ಕಲಿಯಬೇಕಾದರೆ ಅವರ ಕೌದಿಗಳನ್ನೇ ನೋಡಬೇಕು ಎಂದು ನನ್ನ ಅಭಿಪ್ರಾಯ.

ಈಗ ಕಡ್ಡಿಯ ವಿಷಯ. ನಮ್ಮಲ್ಲಿ ಬಹಳ ಅಂಗಡಿಗಳಲ್ಲಿ ಇನ್ನೂ ಹಳೆಯ ಇಂಗ್ಲಿಷ್ ನಂಬರಿನ ಲೆಕ್ಕವೇ ನಡೆಯುತ್ತದೆ. ಇದರಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಪೂರ. ಎಂಟನೇ ನಂಬರ್ ಅಂದರೆ 4 ಮಿಲಿಮೀಟರ್. ಹತ್ತನೇ ನಂಬರ್ ಅಂದರೆ 3.25. ಹೊಸಬರು ಎಂಟನೇ ನಂಬರಿನ ಒಂದು ಜೊತೆ ತಂದರೆ ಸಾಕು. ಡಬ್ಬಿ ತುಂಬ ಬೇರೆ ಬೇರೆ ಸೈಜಿನ ಸೆಟ್ಟು ಬೇಡ. ವಯರ್ ಇರುವ ಉದ್ದನೆಯ ಕಡ್ಡಿಯೂ ಬೇಡ. ಇಡೀ ಹೊದಿಕೆಯನ್ನು ಒಂದೇ ಸಲಕ್ಕೆ ಹೆಣೆಯುವವರಿಗೆ ಅದು ಬೇಕು, ಯಾಕೆಂದರೆ ಅಷ್ಟು ಭಾರ ಗಿಡ್ಡ ಕಡ್ಡಿಯ ಮೇಲೆ ನಿಲ್ಲುವುದಿಲ್ಲ. ಚೌಕಕ್ಕೆ ಸಾಧಾರಣ ಕಡ್ಡಿಯೇ ಸಾಕು.

ಅಂಗಡಿಯಲ್ಲಿ ಉಲ್ಲನ್ ಎಂದು ಮಾರುವ ದಾರ ಹೆಚ್ಚಾಗಿ ಅಕ್ರಿಲಿಕ್, ಅಂದರೆ ಕೃತಕ ದಾರ. ಲುಧಿಯಾನದ ಕಡೆಯಿಂದ ಬರುವಂಥದ್ದು. ಹೊದಿಕೆಗೆ ಅದೇ ಒಳ್ಳೆಯದು. ಕಡಿಮೆ ಬೆಲೆ, ನುಸಿ ಹಿಡಿಯುವುದಿಲ್ಲ, ಒಗೆಯಲು ಸುಲಭ. ಅದರಲ್ಲೂ ನಯವಾದ, ತಿಳಿ ಬಣ್ಣದ ದಾರ ಆರಿಸಿ. ರೋಮ ರೋಮವಾಗಿರುವ ದಾರ ನೋಡಲು ಚೆಂದ, ಆದರೆ ಕುಣಿಕೆಗಳು ಕಾಣುವುದಿಲ್ಲ, ತಪ್ಪಿದರೆ ಬಿಚ್ಚಲೂ ಆಗುವುದಿಲ್ಲ. ಕಪ್ಪು, ಕಡು ನೀಲಿಯೂ ರಾತ್ರಿ ದೀಪದಲ್ಲಿ ಕಣ್ಣಿಗೆ ಕಷ್ಟ.

ಒಂದು ಪೈಸೆ ಖರ್ಚಿಲ್ಲದ ದಾರವೂ ಮನೆಯಲ್ಲೇ ಇರಬಹುದು. ಬೀರುವಿನಲ್ಲಿ ಸುಮ್ನೆ ಬಿದ್ದಿರುವ ಹಳೆ ಸ್ವೆಟರ್. ಕೈಯಲ್ಲಿ ಹೆಣೆದದ್ದಾದರೆ ಜೋಡಣೆಯ ಹೊಲಿಗೆ ಬಿಡಿಸಿ, ಕೊನೆಯ ಗಂಟು ಹುಡುಕಿ ಎಳೆದರೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಅಂಗಡಿಯ ಸ್ವೆಟರ್ ಆದರೆ ಮೊದಲು ತಿರುಗಿಸಿ ಒಳಗಡೆಯ ಹೊಲಿಗೆ ನೋಡಿ. ಬಟ್ಟೆಯನ್ನು ಕತ್ತರಿಸಿ ಅಂಚಿಗೆ ಓವರ್‌ಲಾಕ್ ಹಾಕಿದ್ದರೆ ಬಿಚ್ಚಬೇಡಿ. ಪ್ರತಿ ಸಾಲಿಗೂ ತುಂಡು ದಾರವೇ ಕೈಗೆ ಬರುತ್ತದೆ. ಬಿಚ್ಚಿದ ದಾರ ಗುಂಗುರು ಗುಂಗುರಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ನೆರಳಲ್ಲಿ ತೂಗುಹಾಕಿ. ನಿಜವಾದ ಉಣ್ಣೆಯಾದರೆ ಚೆನ್ನಾಗಿ ನೇರವಾಗುತ್ತದೆ. ಅಕ್ರಿಲಿಕ್ ಸ್ವಲ್ಪ ಗುಂಗುರು ಉಳಿಸಿಕೊಳ್ಳುತ್ತದೆ, ಅದರಿಂದ ತೊಂದರೆಯಿಲ್ಲ. ಯಾವುದು ಯಾವುದೆಂದು ತಿಳಿಯಲು ಒಂದು ಚೂರು ದಾರ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಅಕ್ರಿಲಿಕ್. ಎರಡನ್ನೂ ಒಂದೇ ಹೊದಿಕೆಯಲ್ಲಿ ಬೆರೆಸಬೇಡಿ. ಒಗೆದಾಗ ಉಣ್ಣೆಯ ಚೌಕ ಕುಗ್ಗಬಹುದು, ಪಕ್ಕದ್ದು ಹಾಗೇ ಇರುತ್ತದೆ, ಹೊದಿಕೆ ಸೊಟ್ಟಗಾಗುತ್ತದೆ.

ಇನ್ನು ಹೆಣಿಗೆ. ಕಡ್ಡಿ ಹಿಡಿಯುವುದನ್ನು ರೇಡಿಯೋದಲ್ಲಿ ಹೇಳಿಕೊಡುವುದು ಕಷ್ಟ. ನಿಮ್ಮ ಬೀದಿಯಲ್ಲಿ ಸ್ವೆಟರ್ ಹೆಣೆಯುವ ಒಬ್ಬ ಅಜ್ಜಿಯೋ ಅತ್ತೆಯೋ ಇದ್ದೇ ಇರುತ್ತಾರೆ. ಹತ್ತಿರ ಕೂತು ಮೂರು ಕೆಲಸ ಕಲಿಯಿರಿ. ಕುಣಿಕೆ ಏರಿಸುವುದು, ನಿಟ್ ಹಾಕುವುದು, ಕೊನೆಯಲ್ಲಿ ಮುಚ್ಚುವುದು. ಆಮೇಲೆ 40 ಕುಣಿಕೆ ಏರಿಸಿ ಬರೀ ನಿಟ್ ಹಾಕುತ್ತಾ ಹೋಗಿ. ಎರಡು ಇಂಚು ಆದ ಮೇಲೆ ಅಗಲ ಅಳೆಯಿರಿ. ಎಂಟು ಇಂಚಿಗಿಂತ ಜಾಸ್ತಿ ಇದ್ದರೆ ನಿಮ್ಮ ಕೈ ಸಡಿಲ, ಕಡಿಮೆ ಇದ್ದರೆ ಬಿಗಿ. ಮುಂದಿನ ಚೌಕಕ್ಕೆ ಕುಣಿಕೆ ಕಡಿಮೆ ಅಥವಾ ಜಾಸ್ತಿ ಮಾಡಿ. ಚೌಕ ಆಯಿತೋ ಇಲ್ಲವೋ ಎಂದು ನೋಡಲು ಮೂಲೆಯಿಂದ ಮೂಲೆಗೆ ಮಡಚಿ. ಅಂಚುಗಳು ಕೂಡಿದರೆ ಮುಚ್ಚಬಹುದು.

ಹೊಸಬರ ಚೌಕ ಮೇಲೆ ಹೋದಂತೆ ಅಗಲವಾಗುತ್ತಾ ಹೋಗುತ್ತದೆ. ಸಾಲಿನ ಶುರುವಿನಲ್ಲಿ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆ ಎಳೆದುಕೊಂಡು ಎರಡರಂತೆ ಕಾಣುತ್ತದೆ. ಎರಡರಲ್ಲೂ ನಿಟ್ ಹಾಕಿದರೆ ಒಂದು ಕುಣಿಕೆ ಹೆಚ್ಚಿತು. ದಾರವನ್ನು ಮೊದಲು ಕೆಳಕ್ಕೆ ಎಳೆದು, ಆಮೇಲೆ ಕಡ್ಡಿಯ ಅಡಿಯಿಂದ ಹಿಂದಕ್ಕೆ ತನ್ನಿ. ಪ್ರತಿ ನಾಲ್ಕು ಸಾಲಿಗೊಮ್ಮೆ ಎಣಿಸಿ.

ತುಂಡು ದಾರ ಇರುವವರಿಗೆ ನನಗೆ ತುಂಬ ಇಷ್ಟವಾದ ಒಂದು ಉಪಾಯ ಹೇಳುತ್ತೇನೆ. ಚೌಕವನ್ನು ಮೂಲೆಯಿಂದ ಶುರು ಮಾಡಿ. ಎರಡೇ ಕುಣಿಕೆ ಏರಿಸಿ. ಪ್ರತಿ ಸಾಲಿನ ಮೊದಲ ಕುಣಿಕೆಯಲ್ಲಿ ಮುಂದಿನಿಂದ ಒಂದು, ಹಿಂದಿನಿಂದ ಒಂದು, ಹೀಗೆ ಎರಡು ಕುಣಿಕೆ ತೆಗೆಯಿರಿ. ತ್ರಿಕೋನ ಬೆಳೆಯುತ್ತಾ ಹೋಗುತ್ತದೆ. ಉಂಡೆಯಲ್ಲಿ ಅರ್ಧ ದಾರ ಮುಗಿಯುವ ಸ್ವಲ್ಪ ಮುಂಚೆ ನಿಲ್ಲಿಸಿ, ಅಲ್ಲಿಂದ ಪ್ರತಿ ಸಾಲಿನ ಮೊದಲ ಎರಡು ಕುಣಿಕೆಗಳನ್ನು ಸೇರಿಸಿ ಒಂದು ಮಾಡುತ್ತಾ ಇಳಿಸಿ. ದಾರ ಎಷ್ಟೇ ಇರಲಿ, ಪೂರ್ತಿ ಚೌಕ ಸಿಗುತ್ತದೆ. ದಾರ ಸಾಲದೆ ಮಧ್ಯದಲ್ಲಿ ಕೈ ಕಟ್ಟುವ ಭಯವಿಲ್ಲ. ಬದಿಯ ಅಂಚು ಎಂಟು ಇಂಚು ಆದಾಗ ಇಳಿಸಲು ಶುರು ಮಾಡಿದರೆ ಉಳಿದ ಚೌಕಗಳ ಅಳತೆಗೇ ಕೂರುತ್ತದೆ.

ಪ್ರತಿ ಚೌಕದ ಕೊನೆಯಲ್ಲಿ ಎರಡು ಗೇಣು ದಾರ ಬಿಡಿ, ಹೊಲಿಯಲು ಆಗುತ್ತದೆ. ಹೊಲಿಯಲು ದಬ್ಬಣ ಬೇಡ, ಅದರ ಚೂಪು ತುದಿ ದಾರವನ್ನು ಸೀಳುತ್ತದೆ. ಮೊಂಡು ತುದಿಯ, ದೊಡ್ಡ ಕಣ್ಣಿನ ಸೂಜಿ ತೆಗೆದುಕೊಳ್ಳಿ. ಎಲ್ಲ ಚೌಕಗಳನ್ನೂ ನೆಲದ ಮೇಲೆ ಹರಡಿ, ಬಣ್ಣ ಹೊಂದಿಸಿ, ಮೊದಲು ಉದ್ದುದ್ದ ಪಟ್ಟಿಗಳಾಗಿ ಹೊಲಿಯಿರಿ. ಆಮೇಲೆ ಪಟ್ಟಿಗೆ ಪಟ್ಟಿ ಸೇರಿಸಿ. ಬಿಗಿಯಾಗಿ ಎಳೆದರೆ ಹೊಲಿಗೆ ಸುಕ್ಕುಗಟ್ಟುತ್ತದೆ.

ಇದನ್ನು ನಾಲ್ಕೈದು ಜನ ಸೇರಿ ಮಾಡಿದರೆ ಇನ್ನೂ ಹಗುರ. 2016ರಲ್ಲಿ ಚೆನ್ನೈಯಲ್ಲಿ ಊರೂರಿನ ಹೆಂಗಸರು ಹೆಣೆದ ತುಂಡುಗಳನ್ನು ಜೋಡಿಸಿ ಹನ್ನೊಂದು ಸಾವಿರ ಚದರ ಮೀಟರಿಗಿಂತ ದೊಡ್ಡ ಕ್ರೋಶಾ ಹೊದಿಕೆ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ಹೆಣೆದ ಹೊದಿಕೆ, ಮಾಡಿದ್ದರು. ಗಿನ್ನೆಸ್ ದಾಖಲೆಯೂ ಆಯಿತು. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಒಬ್ಬೊಬ್ಬರು ವಾರಕ್ಕೊಂದು ಚೌಕ ಹೆಣೆದರೆ, ಹತ್ತು ಜನರಿಂದ ಒಂದೂವರೆ ತಿಂಗಳಲ್ಲಿ ಒಂದು ದೊಡ್ಡ ಹೊದಿಕೆ ಆಗುತ್ತದೆ.

ಮಗುವಿಗಾಗಿ ಹೆಣೆಯುವವರು ಒಂದು ಮಾತು ನೆನಪಿಡಿ. ಒಂದು ವರ್ಷದೊಳಗಿನ ಮಗು ಮಲಗಿರುವಾಗ ಸಡಿಲವಾದ ಹೊದಿಕೆ ಹಾಕಬಾರದು ಎಂದು ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಬಂದರೆ ಉಸಿರು ಕಟ್ಟಬಹುದು. ಎಚ್ಚರವಾಗಿರುವ ಮಗುವನ್ನು ಎತ್ತಿಕೊಂಡಾಗ, ನೆಲದಲ್ಲಿ ಆಡಿಸುವಾಗ ನಿಮ್ಮ ಕಣ್ಣೆದುರಿಗೇ ಬಳಸಿ. ದೊಡ್ಡ ತೂತುಗಳ ಹೆಣಿಗೆಯೂ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ.

ಒಗೆದ ಮೇಲೆ ತಂತಿಗೆ ಹಾಕಬೇಡಿ, ನೀರಿನ ಭಾರಕ್ಕೆ ಜೋತು ಉದ್ದವಾಗುತ್ತದೆ. ಹಳೆ ಟವಲಿನಲ್ಲಿ ಸುತ್ತಿ ಹಿಂಡಿ, ಚಾಪೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಅಕ್ರಿಲಿಕ್ ಆದರೆ ಇಸ್ತ್ರಿ ಪೆಟ್ಟಿಗೆ ತಾಗಿಸಲೇಬೇಡಿ. ಒಮ್ಮೆ ಕಾದ ಇಸ್ತ್ರಿ ಬಿದ್ದರೆ ದಾರ ಕರಗಿ ಚಪ್ಪಟೆಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಒಲೆಯ ಹತ್ತಿರವೂ ಅದನ್ನು ಹೊದ್ದು ಕೂರಬೇಡಿ.

ನಮಸ್ಕಾರ.